ಕರ್ನಲ್ ಕಾಲಿನ್ ಮೆಕೆಂಜಿ

ಹಂಪಿಯ ಹೇಮಕೂಟದ ಮೇಲೆ ನಿಂತು ಸುತ್ತಲೂ ನೋಡಿದವರಿಗೆ ಬಂಡೆಗಳ ನಡುವೆ ಹರಿಯುವ ತುಂಗಭದ್ರೆ, ವಿರೂಪಾಕ್ಷನ ಗೋಪುರ, ಎದುರಿಗೆ ಮಾತಂಗ ಪರ್ವತ, ಎತ್ತ ನೋಡಿದರತ್ತ ಹರಡಿಕೊಂಡಿರುವ ಮಂಟಪಗಳು ಕಾಣುತ್ತವೆ. ಯಾವ ಗುಡಿ ಯಾವುದು, ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಲು ಇಂದಿನ ಪ್ರವಾಸಿಗೆ ನಕ್ಷೆಯ ನೆರವಿದೆ. ಎರಡು ಶತಮಾನಗಳ ಹಿಂದೆ ಅಂತಹ ನಕ್ಷೆ ಇರಲಿಲ್ಲ. 1565ರ ಯುದ್ಧದ ಅನಂತರ ಹಾಳುಬಿದ್ದ ಆ ಮಹಾನಗರವು ಕಲ್ಲು ಮುಳ್ಳುಗಳ ನಡುವೆ ಮೌನವಾಗಿ ಬಿದ್ದುಕೊಂಡಿತ್ತು. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯೊಬ್ಬರು ಅಳತೆಯ ಉಪಕರಣಗಳೊಡನೆ ಅಲ್ಲಿಗೆ ಬಂದರು. ನದಿಯ ತಿರುವು, ಗುಡ್ಡಗಳ ಸಾಲು, ಕೋಟೆಯ ಗೋಡೆಗಳು, ದೇವಾಲಯಗಳು ಇವೆಲ್ಲವನ್ನೂ ಕಾಗದದ ಮೇಲೆ ಗುರುತಿಸಿ ಬಣ್ಣ ತುಂಬಿಸಿದರು. ಇದೇ ಹಂಪಿಯ ಮೊತ್ತಮೊದಲ ಭೂಮಾಪನ ನಕ್ಷೆ. ಇದನ್ನು ಸಿದ್ಧಪಡಿಸಿದವರೇ ಕಾಲಿನ್ ಮೆಕೆಂಜಿ.

ಮೆಕೆಂಜಿಯವರು ವಿದ್ವಾಂಸರಾಗಿ ನಮ್ಮ ದೇಶಕ್ಕೆ ಬಂದವರಲ್ಲ, ಸೈನಿಕರಾಗಿ ಬಂದವರು. ಬಂದ ಮೇಲೆ ತಾಯ್ನಾಡಿಗೆ ಮರಳಿ ಹೋಗಲೇ ಇಲ್ಲ. ಅಷ್ಟು ದೀರ್ಘಕಾಲ ಇಲ್ಲಿದ್ದರೂ ಕನ್ನಡವಾಗಲಿ, ತಮಿಳಾಗಲಿ, ತೆಲುಗಾಗಲಿ, ಸಂಸ್ಕೃತವಾಗಲಿ ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ದಕ್ಷಿಣ ಭಾರತದ ಊರುಗಳ, ಅರಮನೆಗಳ, ದೇವಾಲಯಗಳ ವೃತ್ತಾಂತಗಳನ್ನು ಅವರಷ್ಟು ವಿಪುಲವಾಗಿ ಕೂಡಿಹಾಕಿದವರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ. ಅಕ್ಷರ ತಿಳಿಯದ ಭಾಷೆಗಳ ಭಂಡಾರವನ್ನು ಒಬ್ಬ ಪರದೇಶಿಯು ಹೇಗೆ ಕಟ್ಟಿದನೆಂಬುದು ಕುತೂಹಲಕರವಾದ ಸಂಗತಿ.

ಸ್ಕಾಟ್‌ಲೆಂಡಿನ ವಾಯವ್ಯಕ್ಕೆ ಸಮುದ್ರದಲ್ಲಿ ಲೂಯಿಸ್ ಎಂಬ ದ್ವೀಪವಿದೆ. ಗಾಳಿ ಮಳೆಗಳ ಆ ನಾಡಿನ ಸ್ಟೋರ್ನೊವೇ ಎಂಬ ರೇವುಪಟ್ಟಣದಲ್ಲಿ 1754ರಲ್ಲಿ ಮೆಕೆಂಜಿಯವರು ಜನಿಸಿದರು. ತಂದೆ ವ್ಯಾಪಾರಿ. ಮಗನು ಕೆಲವು ಕಾಲ ಅದೇ ಊರಿನ ಸುಂಕದ ಕಚೇರಿಯಲ್ಲಿ ಕೆಲಸಮಾಡಿದನು. ಬಾಲ್ಯದಿಂದಲೂ ಗಣಿತದಲ್ಲಿ ಅವರಿಗೆ ಆಸಕ್ತಿ. ಈ ಆಸಕ್ತಿಯೇ ಅವರನ್ನು ನೇಪಿಯರ್ ಮನೆತನದ ಪರಿಚಯಕ್ಕೆ ತಂದಿತು. ಗಣಿತದ ತರಗತಿಯಲ್ಲಿ ನೀವು ಲಾಗರಿದಮ್ ಎಂಬ ಮಾತನ್ನು ಕೇಳಿರಬಹುದು. ಅದನ್ನು ಕಂಡುಹಿಡಿದ ಜಾನ್ ನೇಪಿಯರ್ ಅವರ ಜೀವನಚರಿತ್ರೆಯನ್ನು ಬರೆಯಬೇಕೆಂದು ಅವರ ವಂಶದವರೊಬ್ಬರು ಸಂಕಲ್ಪಿಸಿದ್ದರು. ಪ್ರಾಚೀನ ಹಿಂದೂಗಳ ಗಣಿತಜ್ಞಾನದ ವಿಷಯವಾಗಿ ತಿಳಿಯಬೇಕೆಂಬ ಬಯಕೆ ಮೆಕೆಂಜಿಯವರಲ್ಲಿ ಮೊಳೆತದ್ದು ಈ ಸಂಪರ್ಕದಿಂದಲೇ. ಅಂತೂ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 1783ರಲ್ಲಿ, ಕಂಪನಿಯ ಸೇನೆಗೆ ಸೇರಿ ಅವರು ಮದರಾಸಿನ ತೀರದಲ್ಲಿ ಇಳಿದರು. ಸೈನಿಕವೃತ್ತಿಯನ್ನು ಆರಂಭಿಸಲು ಅದು ತಡವಾದ ವಯಸ್ಸೇ ಸರಿ.

ನೇಪಿಯರ್ ಮನೆತನದ ಮಗಳು ಹೆಸ್ಟರ್ ಜಾನ್‌ಸ್ಟನ್ ಆಗ ಪತಿಯೊಡನೆ ಮಧುರೆಯಲ್ಲಿದ್ದರು. ಮೆಕೆಂಜಿಯವರು ಅವರ ಅತಿಥಿಯಾಗಿ ಅಲ್ಲಿಗೆ ಹೋದರು. ಮೀನಾಕ್ಷಿ ದೇವಾಲಯದ ಮುಗಿಲುಮುಟ್ಟುವ ಗೋಪುರಗಳು, ತಿರುಮಲ ನಾಯಕನ ಅರಮನೆಯ ದಪ್ಪ ಕಂಬಗಳು ಇವುಗಳ ನಡುವೆ ಹೆಸರಾಂತ ಪಂಡಿತರು ಇನ್ನೂ ಇದ್ದ ಊರು ಅದು. ಜಾನ್‌ಸ್ಟನ್ ದಂಪತಿಗಳ ಮನೆಯಲ್ಲಿ ಆ ಪಂಡಿತರ ಭೇಟಿಯಾಯಿತು. ಗಣಿತದ ವಿಷಯವನ್ನು ಕೇಳಲು ಹೋದ ತರುಣನಿಗೆ ಅದಕ್ಕಿಂತ ವಿಶಾಲವಾದ ಲೋಕವೊಂದು ಗೋಚರವಾಯಿತು. ಈ ದೇಶದ ಇತಿಹಾಸ, ಧರ್ಮ, ಶಿಲ್ಪ ಎಲ್ಲವೂ ಓಲೆಗರಿಗಳಲ್ಲಿಯೂ ಕಲ್ಲುಗಳಲ್ಲಿಯೂ ಹುದುಗಿದೆ, ಅದನ್ನು ಹುಡುಕಿ ಒಂದೆಡೆ ಸೇರಿಸಬೇಕು ಎಂಬ ಆಸೆಯನ್ನು ಹೊತ್ತು ಅವರು ಮಧುರೆಯಿಂದ ಹಿಂದಿರುಗಿದರು.

ಆಸೆಯು ಕೈಗೂಡಲು ಬಹುಕಾಲ ಹಿಡಿಯಿತು. ಸೇನೆಯ ಇಂಜಿನಿಯರಿಗೆ ಬಿಡುವೆಲ್ಲಿ? ರಸ್ತೆಗಳನ್ನು ಅಳೆಯುವುದು, ಘಟ್ಟದ ದಾರಿಗಳನ್ನು ಗುರುತಿಸುವುದು, ಕೋಟೆಗಳಿಗೆ ಮುತ್ತಿಗೆ ಹಾಕುವಾಗ ತೋಪುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸುವುದು, ಇವೇ ಅವರ ನಿತ್ಯದ ಕೆಲಸ. ಮೂರನೆಯ ಮೈಸೂರು ಯುದ್ಧ, 1792ರ ಶ್ರೀರಂಗಪಟ್ಟಣದ ಮುತ್ತಿಗೆ, ಮರುವರ್ಷ ಪಾಂಡಿಚೇರಿ, ಅನಂತರ ನಿಜಾಮನ ಸೀಮೆಯ ಅಳತೆ, ಸಿಂಹಳದ ದಂಡಯಾತ್ರೆ, ಹೀಗೆ ವರ್ಷಗಳು ಉರುಳಿದುವು. ಹೋದಲ್ಲೆಲ್ಲ ಅವರು ಗುಡಿಗಳನ್ನು ಕಂಡರು. ಗುಡಿಯ ಮುಂದೆ ಅಕ್ಷರ ಕೆತ್ತಿದ ಕಲ್ಲುಗಳನ್ನು ಕಂಡರು. ಆದರೆ ಅವುಗಳಲ್ಲಿ ಏನಿದೆಯೆಂದು ಹೇಳುವವರು ಜೊತೆಯಲ್ಲಿರಲಿಲ್ಲ. ಭಾಷೆಯ ಬಾಗಿಲು ಮುಚ್ಚಿದ್ದರಿಂದ ಭಾರತದಲ್ಲಿ ಕಳೆದ ಮೊದಲ ಹದಿಮೂರು ವರ್ಷಗಳು ಹೆಚ್ಚುಕಡಿಮೆ ನಿಷ್ಫಲವಾದುವೆಂದು ಅವರೇ ಮುಂದೆ ಪರಿತಪಿಸಿದ್ದುಂಟು.

1796ರಲ್ಲಿ ಆ ಬಾಗಿಲನ್ನು ತೆರೆದವರು ಕಾವಲಿ ವೆಂಕಟ ಬೊರಯ್ಯ ಎಂಬ ಇಪ್ಪತ್ತರ ತರುಣ. ಬೊರಯ್ಯನವರು ಆಂಧ್ರದ ಏಲೂರಿನ ಕಡೆಯ ಬ್ರಾಹ್ಮಣ ಕುಟುಂಬಕ್ಕೆ ಸೇರಿದವರು. ತೆಲುಗು, ಸಂಸ್ಕೃತಗಳಲ್ಲಿ ಅವರಿಗೆ ಒಳ್ಳೆಯ ಪರಿಶ್ರಮವಿತ್ತು; ಇಂಗ್ಲಿಷನ್ನೂ ಕಲಿತಿದ್ದರು. ಅದಕ್ಕಿಂತ ಮಿಗಿಲಾಗಿ, ಎಂತಹವರೊಡನೆಯೂ ಹೊಂದಿಕೊಂಡು ಮಾತನಾಡಿ ವಿಶ್ವಾಸವನ್ನು ಗಳಿಸುವ ಗುಣ ಅವರಲ್ಲಿತ್ತು. ಅವರು ಬಂದ ಮೇಲೆ ಮೆಕೆಂಜಿಯವರ ಪ್ರವಾಸಗಳ ರೀತಿಯೇ ಬದಲಾಯಿತು. ಅಧಿಕಾರಿಯು ಭೂಮಿಯನ್ನು ಅಳೆಯುತ್ತಿದ್ದಾಗ ಬೊರಯ್ಯನವರು ಊರೊಳಗೆ ಹೋಗಿ ದೇವಸ್ಥಾನದ ಅರ್ಚಕರನ್ನೂ ಮಠದ ಪಂಡಿತರನ್ನೂ ಊರಿನ ಲೆಕ್ಕ ಬರೆಯುವವರನ್ನೂ ಕಂಡು ಮಾತನಾಡಿಸುತ್ತಿದ್ದರು. ಬೊರಯ್ಯನವರ ಸಹೋದರರಾದ ಲಕ್ಷ್ಮಯ್ಯ, ರಾಮಸ್ವಾಮಿ ಮುಂತಾದವರೂ ಕಾಲಕ್ರಮದಲ್ಲಿ ಈ ಕೆಲಸಕ್ಕೆ ಸೇರಿದರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಕಂಪನಿಯ ವಶವಾಯಿತು. ಟಿಪ್ಪು ಸುಲ್ತಾನನು ಹೋರಾಡುತ್ತಲೇ ಮಡಿದನು. ಆ ಮುತ್ತಿಗೆಯಲ್ಲಿ ಇಂಜಿನಿಯರಾಗಿ ದುಡಿದವರಲ್ಲಿ ಮೆಕೆಂಜಿಯವರೂ ಒಬ್ಬರು. ಟಿಪ್ಪುವಿನ ರಾಜ್ಯವನ್ನು ಕಂಪನಿ, ನಿಜಾಮ ಮತ್ತು ಮೈಸೂರಿನ ಒಡೆಯರ ಮನೆತನ ಇವರ ನಡುವೆ ವಿಂಗಡಿಸಲಾಯಿತು. ಹೊಸ ಗಡಿಗಳನ್ನು ನೆಲದ ಮೇಲೆ ಗುರುತಿಸಬೇಕಾಗಿತ್ತು. ಗೆದ್ದ ನಾಡಿನಲ್ಲಿ ಏನೇನಿದೆಯೆಂಬುದೂ ಗೆದ್ದವರಿಗೆ ತಿಳಿಯಬೇಕಾಗಿತ್ತು. ಆದುದರಿಂದ ಮೈಸೂರು ಸೀಮೆಯ ಮೋಜಣಿಯನ್ನು ಮಾಡಲು ಮೆಕೆಂಜಿಯವರನ್ನು ನೇಮಿಸಿದರು. ಆಳುವವರ ಪ್ರಯೋಜನಕ್ಕಾಗಿಯೇ ಈ ಕಾರ್ಯವು ಆರಂಭವಾಯಿತೆಂಬುದನ್ನು ನಾವು ಮರೆಯುವಂತಿಲ್ಲ. ತನ್ನ ತೋಪುಗಳು ಯಾವ ಕೋಟೆಯನ್ನು ಒಡೆದುವೋ ಅದೇ ಕೋಟೆಯ ಕಥೆಯನ್ನು ಆ ಅಧಿಕಾರಿಯು ಬರೆದಿಡಲು ಹೊರಟದ್ದು ವಿಚಿತ್ರವೇ ಆದರೂ ನಿಜ.

ಬರೆದಿಡದಿದ್ದರೆ ಉಳಿಯುವಂತಹ ಕಾಲವೂ ಅದಾಗಿರಲಿಲ್ಲ. ಶ್ರೀರಂಗಪಟ್ಟಣದ ಲಾಲ್ ಮಹಲ್ ಅರಮನೆಯನ್ನೇ ನೋಡಬಹುದು. ಸುಲ್ತಾನನು ವಾಸವಾಗಿದ್ದ ಆ ಅರಮನೆಯನ್ನು ಅವನ ಮರಣಾನಂತರ ಕೆಡವಿದರು. ಅದರ ಮರಮುಟ್ಟುಗಳನ್ನು ಮುಂದೆ ನೀಲಗಿರಿಯ ಊಟಿಗೆ ಸಾಗಿಸಿ ಸೇಂಟ್ ಸ್ಟೀಫನ್ ಚರ್ಚಿನ ಕಟ್ಟಡಕ್ಕೆ ಬಳಸಿದರು. ಇಂದು ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ ಬರುತ್ತಾರೆ; ಲಾಲ್ ಮಹಲ್ ಇದ್ದೆಡೆ ಕಾಣುವುದು ಅಡಿಪಾಯದ ಅವಶೇಷ ಮಾತ್ರ.

ಮೈಸೂರಿನ ಮೋಜಣಿಗೆ ಸುಮಾರು ಹತ್ತು ವರ್ಷಗಳು ಹಿಡಿದುವು. ಅಳೆದ ಪ್ರದೇಶವು 40,000 ಚದರ ಮೈಲಿಗಳಷ್ಟು. ಗುಡ್ಡದ ತುದಿಗೆ ಥಿಯೊಡಲೈಟ್ ಯಂತ್ರವನ್ನು ಹೊರಿಸಿಕೊಂಡು ಹೋಗಿ ಕೋನಗಳನ್ನು ಗುರುತಿಸಬೇಕು. ಬಯಲಿನಲ್ಲಿ ಸರಪಣಿಯನ್ನು ಹಾಸಿ ದೂರವನ್ನು ಅಳೆಯಬೇಕು. ಪ್ರತಿಯೊಂದು ಸೀಮೆಯ ಊರುಗಳು, ಕೆರೆಗಳು, ಹೊಳೆಗಳು, ಬೆಳೆಗಳು ಎಲ್ಲವನ್ನೂ ಬರೆದುಕೊಳ್ಳಬೇಕು. ಮಲೆನಾಡಿನ ಅಂಚಿನಲ್ಲಿ ಚಳಿಜ್ವರದ ಕಾಟ. ಮೆಕೆಂಜಿಯವರೂ ಸಹಾಯಕರೂ ಮತ್ತೆ ಮತ್ತೆ ಹಾಸಿಗೆ ಹಿಡಿದರು. ಕಂಪನಿಯು ಖರ್ಚು ಹೆಚ್ಚಾಯಿತೆಂದು ಸಿಬ್ಬಂದಿಯನ್ನೂ ಭತ್ಯವನ್ನೂ ಕಡಿತಗೊಳಿಸಿತು. ಅಂತೂ ಕೆಲಸ ಪೂರ್ತಿಯಾದಾಗ ನಕ್ಷೆಗಳ ಜೊತೆಗೆ ಏಳು ದೊಡ್ಡ ಸಂಪುಟಗಳ ವಿವರಣೆ ಸಿದ್ಧವಾಗಿತ್ತು.

ಇದು ಸರಕಾರವು ಒಪ್ಪಿಸಿದ್ದ ಕೆಲಸ. ಮೆಕೆಂಜಿಯವರ ಮನಸ್ಸು ನೆಟ್ಟಿದ್ದ ಕೆಲಸ ಇದರ ಬೆನ್ನಿಗೇ ನಡೆಯುತ್ತಿತ್ತು. ಅದಕ್ಕೆ ಬಹುಮಟ್ಟಿಗೆ ಅವರು ತಮ್ಮ ಕೈಯ ಹಣವನ್ನೇ ವೆಚ್ಚಮಾಡಿದರು. ಪಂಡಿತರಿಗೂ ಗುಮಾಸ್ತರಿಗೂ ಸಂಬಳ ಕೊಟ್ಟು, ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬ ಸೂಚನೆಗಳನ್ನು ಬರೆದುಕೊಟ್ಟು, ಊರೂರಿಗೆ ಕಳುಹಿಸುತ್ತಿದ್ದರು. ಊರು ಕಟ್ಟಿದವರು ಯಾರು, ಕೆರೆಯನ್ನು ಕಟ್ಟಿಸಿದವರು ಯಾರು, ದೇವಸ್ಥಾನಕ್ಕೆ ಮಾನ್ಯ ಬಿಟ್ಟ ದೊರೆ ಯಾರು, ಪಾಳೆಯಗಾರರ ವಂಶ ಯಾವುದು, ಇಂತಹ ಪ್ರಶ್ನೆಗಳಿಗೆ ಶಾನುಭೋಗರು, ಪಟೇಲರು, ಮಠದವರು ಕೊಟ್ಟ ಉತ್ತರಗಳನ್ನು ಬರೆಯಿಸಿಕೊಂಡರು. ಹೀಗೆ ಬರೆದ ಸ್ಥಳವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು. ಅರಬ್ಬೀ ಪಾರಸಿಗಳ ಮೂಲಕ ನಮ್ಮ ದಫ್ತರದ ಭಾಷೆಗೆ ಬಂದ ಈ ಮಾತಿಗೆ ಹೇಳಿಕೆ, ವಿವರಣೆ ಎಂದು ಅರ್ಥ.

ಕೇಳಿದ ಕೂಡಲೇ ಜನರು ಹೇಳಿಬಿಡುತ್ತಿದ್ದರೆಂದು ಭಾವಿಸಬಾರದು. ಯುದ್ಧಗಳಿಂದ ನೊಂದ ನಾಡು, ಹೊಸ ಸರಕಾರ, ಅದರ ಕಡೆಯವನೊಬ್ಬನು ಬಂದು ದೇವಸ್ಥಾನದ ಭೂಮಿ ಎಷ್ಟು, ಇನಾಮು ಕೊಟ್ಟವರು ಯಾರು ಎಂದು ವಿಚಾರಿಸಿದರೆ ಯಾರಿಗೆ ತಾನೆ ಭಯವಾಗದು? ಭೂಮಿಯನ್ನು ಕಿತ್ತುಕೊಳ್ಳಲೋ ಕಂದಾಯ ಏರಿಸಲೋ ಈ ಹುನ್ನಾರವೆಂದು ಬಗೆದು ಅನೇಕರು ಓಲೆಗಳನ್ನೂ ತಾಮ್ರಪಟಗಳನ್ನೂ ಬಚ್ಚಿಟ್ಟರು. ಅವರ ಸಂದೇಹವು ಆಧಾರವಿಲ್ಲದ್ದೆಂದು ಹೇಳಲಾಗದು. ಅಂತಹ ಕಡೆ ಬೊರಯ್ಯನವರ ತಾಳ್ಮೆ, ನಯಗಳೇ ಕೆಲಸ ಸಾಧಿಸಿದುವು. ಅಜ್ಜಂದಿರ ಬಾಯಿಂದ ಕೇಳಿದ್ದು, ಬಟ್ಟೆಗೆ ಮಸಿ ಬಳಿದು ಬಳಪದಲ್ಲಿ ಬರೆದ ಕಡತಗಳಲ್ಲಿದ್ದುದು, ಗುಡಿಯ ಗೋಡೆಯ ಮೇಲಿದ್ದುದು, ಒಂದೊಂದಾಗಿ ಹೊರಬಂದುವು. ಈ ಕೈಫಿಯತ್ತುಗಳಲ್ಲಿ ಇತಿಹಾಸವೂ ಕಟ್ಟುಕಥೆಯೂ ಬೆರೆತಿವೆ. ಓದುವವರು ಎಚ್ಚರದಿಂದ ಬೇರ್ಪಡಿಸಿಕೊಳ್ಳಬೇಕಷ್ಟೆ. ಕಟ್ಟುಕಥೆಯಾದರೂ ಆ ಊರಿನವರು ತಮ್ಮ ಊರಿನ ವಿಷಯವಾಗಿ ಏನನ್ನು ನಂಬಿದ್ದರೆಂದು ತಿಳಿಯುತ್ತದೆ, ಅದೂ ಬೆಲೆಯುಳ್ಳದ್ದೇ.

ಕಲ್ಲಿನ ಶಾಸನಗಳದು ಬೇರೊಂದು ತೊಡಕು. ಹಳಗನ್ನಡದ ಲಿಪಿಯು ಕಾಲದಿಂದ ಕಾಲಕ್ಕೆ ಮಾರ್ಪಟ್ಟಿದ್ದರಿಂದ, ಆರೇಳುನೂರು ವರ್ಷಗಳ ಹಿಂದಿನ ಅಕ್ಷರಗಳನ್ನು ಓದಬಲ್ಲವರು ವಿರಳವಾಗಿದ್ದರು. ಆಗ ನೆರವಿಗೆ ಬಂದವರು ಧರ್ಮಯ್ಯನವರು. ಇವರು ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ವಿದ್ವಾಂಸರು. ಹಳೆಯ ಲಿಪಿಗಳು ಇವರಿಗೆ ಪರಿಚಿತವಾಗಿದ್ದುವು. ಒಬ್ಬ ತೆಲುಗು ಬ್ರಾಹ್ಮಣ, ಒಬ್ಬ ಕನ್ನಡ ಜೈನ, ಒಬ್ಬ ಸ್ಕಾಟ್ ಸೈನಿಕ, ಈ ಮೂವರು ಒಂದು ಕಲ್ಲಿನ ಮುಂದೆ ಕುಳಿತ ದೃಶ್ಯವನ್ನು ಊಹಿಸಿಕೊಳ್ಳಬಹುದು. ಕಾಗದವನ್ನು ಕಲ್ಲಿಗೆ ಒತ್ತಿ ಅಚ್ಚು ತೆಗೆಯುವ ಪದ್ಧತಿಯು ಆಗಿನ್ನೂ ಬಳಕೆಯಲ್ಲಿರಲಿಲ್ಲ. ಅಕ್ಷರವನ್ನು ಕಣ್ಣಿನಿಂದ ನೋಡಿ ಕೈಯಿಂದ ತಿದ್ದಿ ಬರೆಯಬೇಕಾಗಿತ್ತು. ಅಲ್ಲಲ್ಲಿ ತಪ್ಪುಗಳು ನುಸುಳಿರುವುದು ಸಹಜ. ಆದರೆ ಹೀಗೆ ಪ್ರತಿಮಾಡಿದ ಕೆಲವು ಶಾಸನಗಳ ಮೂಲಶಿಲೆಗಳೇ ಅನಂತರ ಕಾಣೆಯಾದುವು. ಅವುಗಳ ಪಾಲಿಗೆ ಉಳಿದಿರುವ ಸಾಕ್ಷಿ ಈ ಪ್ರತಿಗಳೇ.

ಧರ್ಮಯ್ಯನವರ ಸಹವಾಸದಿಂದ ಮೆಕೆಂಜಿಯವರಿಗೆ ಜೈನಧರ್ಮದಲ್ಲಿ ವಿಶೇಷ ಆಸಕ್ತಿ ಹುಟ್ಟಿತು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಅವರ ಚಿತ್ರಕಾರರು ಬರೆದರು. ಜೈನರ ಆಚಾರವಿಚಾರಗಳನ್ನು ಕುರಿತು ಅವರು ಕಲೆಹಾಕಿದ ವಿಷಯಗಳು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾದುವು. ಜೈನಧರ್ಮವು ಬೌದ್ಧಧರ್ಮದ ಕವಲೆಂದೋ ಮತ್ತೊಂದೆಂದೋ ಯೂರೋಪಿನ ವಿದ್ವಾಂಸರು ತಡಕಾಡುತ್ತಿದ್ದ ಕಾಲದಲ್ಲಿ, ಆ ಧರ್ಮದವರ ಬಾಯಿಂದಲೇ ಕೇಳಿ ಬರೆದ ಮೊದಲ ವಿವರಣೆಗಳಲ್ಲಿ ಇದೂ ಒಂದು.

ಹಂಪಿಯಲ್ಲಿಯೂ ಮೆಕೆಂಜಿಯವರು ನಕ್ಷೆಯಿಂದಷ್ಟೇ ತೃಪ್ತರಾಗಲಿಲ್ಲ. ನದಿಯ ಆಚೆಯ ದಡದಲ್ಲಿರುವ ಆನೆಗೊಂದಿಯಲ್ಲಿ ವಿಜಯನಗರದ ಅರಸರ ವಂಶಸ್ಥರು ಆಗಲೂ ಇದ್ದರು. ಸಾಮ್ರಾಜ್ಯ ಹೋಗಿತ್ತು, ಸಂಪತ್ತು ಹೋಗಿತ್ತು. ವಂಶದ ನೆನಪು ಮಾತ್ರ ಉಳಿದಿತ್ತು. 1801ರ ಜನವರಿಯಲ್ಲಿ ಆ ಮನೆತನದವರನ್ನು ವಿಚಾರಿಸಿ ಅವರ ಪೂರ್ವಿಕರ ವೃತ್ತಾಂತವನ್ನು ಬರೆಯಿಸಿಕೊಂಡರು. ಅದು ಕೆಲವೇ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಹಂಪಿಯ ಮೊದಲ ಛಾಯಾಚಿತ್ರಗಳನ್ನು ಗ್ರೀನ್‌ಲಾ ಎಂಬ ಸೇನಾಧಿಕಾರಿಯು ತೆಗೆದದ್ದು 1856ರಲ್ಲಿ. ಅದಕ್ಕಿಂತ ಅರ್ಧ ಶತಮಾನದಷ್ಟು ಹಿಂದಿನ ಹಂಪಿಯನ್ನು ನೋಡಬೇಕಾದರೆ ಮೆಕೆಂಜಿಯವರ ನಕ್ಷೆ, ಚಿತ್ರಗಳನ್ನೇ ಆಶ್ರಯಿಸಬೇಕು.

1803ರಲ್ಲಿ ಬೊರಯ್ಯನವರು ತೀರಿಕೊಂಡರು. ಅವರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಇದು ಮೆಕೆಂಜಿಯವರಿಗೆ ಬಿದ್ದ ದೊಡ್ಡ ಪೆಟ್ಟು. ತಮ್ಮ ಸಂಶೋಧನೆಗೆ ದಾರಿ ತೋರಿದವರು ಬೊರಯ್ಯನವರೇ ಎಂಬುದನ್ನು ಅವರು ಎಂದೂ ಮರೆಮಾಚಲಿಲ್ಲ. ಅಧಿಕಾರದಲ್ಲಿರುವವರು ಕೈಕೆಳಗಿನವರ ಉಪಕಾರವನ್ನು ಬರಹದಲ್ಲಿ ಸ್ಮರಿಸುವುದು ಯಾವ ಕಾಲದಲ್ಲಿಯೂ ಅಪರೂಪ. ಅಣ್ಣನ ಸ್ಥಾನವನ್ನು ತಮ್ಮನಾದ ಲಕ್ಷ್ಮಯ್ಯನವರು ವಹಿಸಿಕೊಂಡರು, ಸಂಗ್ರಹಕಾರ್ಯವು ನಿಲ್ಲಲಿಲ್ಲ.

ಮೆಕೆಂಜಿಯವರು ಕಂಡ ಸ್ಥಳಗಳಲ್ಲಿ ಕೃಷ್ಣಾನದಿಯ ದಡದ ಅಮರಾವತಿಯ ಕಥೆಯು ಎಲ್ಲಕ್ಕಿಂತ ಮನಸ್ಸನ್ನು ಕಲಕುವಂತಹುದು. ಅಲ್ಲಿ ದೀಪಾಲದಿನ್ನೆ ಎಂಬ ಮಣ್ಣಿನ ದಿಬ್ಬವೊಂದಿತ್ತು. ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಎಂಬ ಜಮೀನುದಾರರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆ ಸ್ಥಳದಲ್ಲಿ ಹೊಸ ಪಟ್ಟಣವನ್ನು ಕಟ್ಟಿಸಲು ಆರಂಭಿಸಿದರು. ಕಟ್ಟಡಕ್ಕೆ ಇಟ್ಟಿಗೆ, ಕಲ್ಲು ಬೇಕು. ದಿಬ್ಬವನ್ನು ಅಗೆದಾಗ ದೊಡ್ಡ ದೊಡ್ಡ ಇಟ್ಟಿಗೆಗಳೂ ಬೆಳ್ಳಗಿನ ಸುಣ್ಣಕಲ್ಲಿನ ಚಪ್ಪಡಿಗಳೂ ಸಿಕ್ಕಿದುವು. ಚಪ್ಪಡಿಗಳ ಮೇಲೆ ಅತಿ ನಾಜೂಕಾದ ಕೆತ್ತನೆ: ಕಮಲಗಳು, ಆನೆ ಕುದುರೆಗಳು, ಅರಮನೆಯ ಸಭೆಗಳು, ಕೈಮುಗಿದ ಸ್ತ್ರೀಪುರುಷರು. ಸುದ್ದಿ ತಿಳಿದು ಮೆಕೆಂಜಿಯವರು 1797ರ ಸುಮಾರಿಗೆ ಅಲ್ಲಿಗೆ ಹೋದರು. ದಿಬ್ಬದ ಬಹುಭಾಗವು ಆಗಿನ್ನೂ ಉಳಿದಿತ್ತು. ಆದರೆ ಅಲ್ಲಿ ನಿಂತು ಕೆಲಸಮಾಡಲು ಅವರಿಗೆ ಅವಕಾಶವಿರಲಿಲ್ಲ; ಕಂಪನಿಯ ಕಾರ್ಯಗಳು ಕಾದಿದ್ದುವು. ಕಂಡಷ್ಟನ್ನು ಬರೆದುಕೊಂಡು ಹೊರಟುಹೋದರು.

ಮತ್ತೆ ಅಲ್ಲಿಗೆ ಹೋಗಲು ಸಾಧ್ಯವಾದದ್ದು 1816ರಲ್ಲಿ. ಇಪ್ಪತ್ತು ವರ್ಷಗಳೊಳಗೆ ಏನಾಗಬಾರದಿತ್ತೋ ಅದು ಆಗಿಹೋಗಿತ್ತು. ದಿಬ್ಬದ ನಡುಭಾಗವನ್ನು ತೋಡಿ ಕೊಳವನ್ನಾಗಿ ಮಾಡಿದ್ದರು. ಚಪ್ಪಡಿಗಳಲ್ಲಿ ಎಷ್ಟೋ ಹೊಸ ಕಟ್ಟಡಗಳ ಮೆಟ್ಟಿಲುಗಳಾಗಿದ್ದುವು. ಎಷ್ಟನ್ನೋ ಸುಟ್ಟು ಸುಣ್ಣ ಮಾಡಿದ್ದರು. ಈ ಸಲ ಮೆಕೆಂಜಿಯವರು ಬರಿಗೈಯಲ್ಲಿ ಹಿಂದಿರುಗಲಿಲ್ಲ. ತಮ್ಮ ಮೋಜಣಿದಾರರನ್ನೂ ಚಿತ್ರಕಾರರನ್ನೂ ಅಲ್ಲಿ ನೆಲೆಗೊಳಿಸಿ, ಉಳಿದಿದ್ದ ಶಿಲ್ಪಗಳನ್ನು ಒಂದೊಂದಾಗಿ ಅಳೆಯಿಸಿ ಬರೆಯಿಸಿದರು. ಎಂಬತ್ತಕ್ಕೂ ಹೆಚ್ಚು ಚಿತ್ರಗಳು ಹೀಗೆ ಸಿದ್ಧವಾದುವು. ಅವುಗಳಲ್ಲಿರುವ ಕೆಲವು ಶಿಲ್ಪಗಳು ಇಂದು ಎಲ್ಲಿಯೂ ಇಲ್ಲ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಅಷ್ಟೆಲ್ಲ ಶ್ರಮಪಟ್ಟ ಮೆಕೆಂಜಿಯವರಿಗೆ ಅದು ಏನೆಂಬುದೇ ಗೊತ್ತಿರಲಿಲ್ಲ. ಅದೊಂದು ಬೌದ್ಧಸ್ತೂಪ, ಸಾತವಾಹನರ ಕಾಲದಲ್ಲಿ ವೈಭವದಿಂದ ಮೆರೆದದ್ದು. ಆದರೆ ದಕ್ಷಿಣದಲ್ಲಿ ಬೌದ್ಧಧರ್ಮದ ನೆನಪೇ ಅಳಿದುಹೋಗಿತ್ತು. ಕಲ್ಲಿನ ಮೇಲಿದ್ದ ಬ್ರಾಹ್ಮೀ ಅಕ್ಷರಗಳನ್ನು ಓದಬಲ್ಲವರು ಯಾರೂ ಇರಲಿಲ್ಲ. ಧರ್ಮಯ್ಯನವರಂತಹವರಿಗೂ ಅದು ಸಾಧ್ಯವಾಗಿರಲಾರದು. ಮೆಕೆಂಜಿಯವರು ತಮಗೆ ಚೆನ್ನಾಗಿ ತಿಳಿದಿದ್ದ ಜೈನರಿಗೇ ಆ ಕಟ್ಟಡವು ಸೇರಿದ್ದಿರಬೇಕೆಂದು ಊಹಿಸಿದರು. ಊಹೆ ತಪ್ಪಾಯಿತು, ಚಿತ್ರಗಳು ತಪ್ಪಾಗಲಿಲ್ಲ. ಮುಂದೆ ಚೆನ್ನೈ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಚದುರಿಹೋದ ಅಮರಾವತಿಯ ಶಿಲೆಗಳು ಮೂಲದಲ್ಲಿ ಎಲ್ಲಿದ್ದುವು, ಹೇಗಿದ್ದುವು ಎಂದು ವಿದ್ವಾಂಸರು ಗುರುತಿಸಲು ಆ ಚಿತ್ರಗಳೇ ಆಧಾರವಾದುವು.

ಅಮರಾವತಿಯ ಎರಡು ಭೇಟಿಗಳ ನಡುವೆ ಅವರು ದೂರದೂರಕ್ಕೆ ಹೋಗಿ ಬಂದಿದ್ದರು. 1811ರಲ್ಲಿ ಕಂಪನಿಯ ಸೇನೆಯೊಡನೆ ಜಾವಾ ದ್ವೀಪಕ್ಕೆ ಹೋದರು. ಅಲ್ಲಿಯೂ ಅವರನ್ನು ಆಕರ್ಷಿಸಿದ್ದು ಕಾಡಿನ ನಡುವೆ ಕುಸಿದುಬಿದ್ದಿದ್ದ ಪ್ರಂಬಾನನ್ ದೇವಾಲಯಗಳು. ಭಾರತದ ದೇವತೆಗಳನ್ನು ಸಮುದ್ರದಾಚೆಯ ನಾಡಿನಲ್ಲಿ ಕಂಡು ಅವರು ವಿವರವಾದ ಲೇಖನವನ್ನೇ ಬರೆದರು. ಐವತ್ತೆಂಟರ ವಯಸ್ಸಿನಲ್ಲಿ ಮದುವೆಯಾದದ್ದೂ ಅದೇ ದ್ವೀಪದಲ್ಲಿ. 1813ರಲ್ಲಿ ಭಾರತಕ್ಕೆ ಮರಳಿದ ಬಳಿಕ ಗಂಗೆಯ ಗುಂಟ ಪ್ರಯಾಣಮಾಡಿ ಕಾಶಿ, ಲಕ್ನೋ, ಆಗ್ರಾ, ದೆಹಲಿಗಳನ್ನು ನೋಡಿದರು. ದಕ್ಷಿಣದ ಗೋಪುರಗಳಿಗೆ ಹೊಂದಿಕೊಂಡಿದ್ದ ಅವರ ಕಣ್ಣುಗಳು ಮೊಗಲರ ಗುಮ್ಮಟಗಳನ್ನೂ ಕುತುಬ್ ಮಿನಾರನ್ನೂ ಕಂಡದ್ದು ಆಗ. ಅಲ್ಲಿಯೂ ಚಿತ್ರ ಬರೆಯುವ ಕೆಲಸ ನಡೆಯಿತು.

1815ರಲ್ಲಿ ಮೆಕೆಂಜಿಯವರು ಇಡೀ ಭಾರತಕ್ಕೆ ಮೊದಲನೆಯ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಪದವಿಯೇನೋ ದೊಡ್ಡದು, ಆದರೆ ಅದರ ಕಚೇರಿ ಕಲ್ಕತ್ತೆಯಲ್ಲಿ. ಕನ್ನಡ, ತಮಿಳು, ತೆಲುಗು, ಮಲೆಯಾಳಗಳ ಓಲೆಗಳನ್ನು ಕಲ್ಕತ್ತೆಯಲ್ಲಿ ಓದುವವರು ಯಾರು? ಸಾಧ್ಯವಾದಷ್ಟು ಕಾಲ ಮದರಾಸಿನಲ್ಲಿಯೇ ಇದ್ದು, 1817ರಲ್ಲಿ ಲಕ್ಷ್ಮಯ್ಯನವರನ್ನೂ ಮತ್ತೆ ಕೆಲವು ಪಂಡಿತರನ್ನೂ ಕರೆದುಕೊಂಡು, ಸಂಗ್ರಹವನ್ನು ಹೊತ್ತು ಕಲ್ಕತ್ತೆಗೆ ಹೋದರು. ಎಲ್ಲವನ್ನೂ ವಿಂಗಡಿಸಿ ಒಂದು ಸೂಚಿಯನ್ನು ತಯಾರಿಸಬೇಕು, ಅನುವಾದ ಮಾಡಿಸಬೇಕು, ದಕ್ಷಿಣದ ಇತಿಹಾಸವನ್ನು ಬರೆಯಬೇಕು ಎಂಬ ಯೋಜನೆಗಳಿದ್ದುವು. ಕೂಡಿಸುವುದರಲ್ಲಿಯೇ ಆಯುಷ್ಯವು ಮುಗಿಯಿತು. 1821ರ ಮೇ 8ರಂದು ಕಲ್ಕತ್ತೆಯ ಬಳಿಯಲ್ಲಿ ಅವರು ಕೊನೆಯುಸಿರೆಳೆದರು. ಆ ನಗರದ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರು ಬಿಟ್ಟುಹೋದ ಸಂಗ್ರಹದ ಲೆಕ್ಕವನ್ನು ಮಾಡಿದವರು ಎಚ್. ಎಚ್. ವಿಲ್ಸನ್. 1828ರಲ್ಲಿ ಪ್ರಕಟವಾದ ಅವರ ಸೂಚಿಯ ಪ್ರಕಾರ ಹಸ್ತಪ್ರತಿಗಳು 1,568, ಸ್ಥಳವೃತ್ತಾಂತಗಳು 2,070, ಶಾಸನಗಳ ಪ್ರತಿಗಳು 8,076, ಚಿತ್ರಗಳು 2,630, ನಾಣ್ಯಗಳು 6,218. ಇದಕ್ಕಾಗಿ ಮೆಕೆಂಜಿಯವರು ಸುಮಾರು 15,000 ಪೌಂಡುಗಳನ್ನು ವ್ಯಯಿಸಿದ್ದರೆಂದು ಹೇಳುತ್ತಾರೆ. ಕಂಪನಿಯು ಅವರ ಪತ್ನಿಗೆ 10,000 ಪೌಂಡು ಕೊಟ್ಟು ಎಲ್ಲವನ್ನೂ ಕೊಂಡುಕೊಂಡಿತು. ಅನಂತರ ಸಂಗ್ರಹವು ಒಡೆದುಹೋಯಿತು. ಒಂದು ಪಾಲು ಲಂಡನ್ನಿಗೆ, ಇನ್ನೊಂದು ಪಾಲು ಮದರಾಸಿಗೆ ಹೋಯಿತು. ಸ್ವಲ್ಪ ಭಾಗ ಕಲ್ಕತ್ತೆಯಲ್ಲಿ ಉಳಿಯಿತು. ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದ್ದ ಕನ್ನಡ ಕೈಫಿಯತ್ತುಗಳು ಬಹುಕಾಲದ ಮೇಲೆ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾಗಿ ಹೊರಬಂದುವು.

ಯಜಮಾನರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯನವರು ಸಿದ್ಧರಾಗಿದ್ದರು. ಅದಕ್ಕೆ ಅವರಿಗಿಂತ ಯೋಗ್ಯರು ಯಾರಿದ್ದರು? ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಅದರಲ್ಲಿಯೇ ದುಡಿದವರು. ಯಾವ ಕಟ್ಟಿನಲ್ಲಿ ಯಾವ ಊರಿನ ಕಾಗದವಿದೆಯೆಂದು ಬಲ್ಲವರು. ತಮಗೆ ಅವಕಾಶ ಕೊಡಬೇಕೆಂದು ಅವರು ಸರಕಾರಕ್ಕೆ ಬರೆದುಕೊಂಡರು. ವಿಷಯವು 1836ರಲ್ಲಿ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಹೋಯಿತು. ಆಗ ಅದರ ಕಾರ್ಯದರ್ಶಿಯಾಗಿದ್ದವರು ಜೇಮ್ಸ್ ಪ್ರಿನ್ಸೆಪ್. ಮರುವರ್ಷವೇ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿ ಕೀರ್ತಿಶಾಲಿಯಾದವರು. ಲಕ್ಷ್ಮಯ್ಯನವರು ಸಹಾಯಕರಾಗಿ ಉಪಯುಕ್ತರೇ ಹೊರತು ಇಂತಹ ಕಾರ್ಯದ ನಾಯಕತ್ವಕ್ಕೆ ಸಾಲದವರು ಎಂಬ ತೀರ್ಪು ಅಲ್ಲಿಂದ ಬಂದಿತು. ಹಸ್ತಪ್ರತಿಗಳ ಪರಿಶೀಲನೆಯನ್ನು ಮದರಾಸಿನ ಪಾದ್ರಿಯೊಬ್ಬರಿಗೆ ಒಪ್ಪಿಸಿದರು.

1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದರು ಮದರಾಸಿನಲ್ಲಿ ಮೆಕೆಂಜಿಯವರ ತೈಲಚಿತ್ರವನ್ನು ಬರೆದಿದ್ದರು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರವನ್ನು ತೊಟ್ಟು ನಿಂತ ಮೆಕೆಂಜಿಯವರ ಹಿಂದೆ ಗುಡ್ಡದ ಮೇಲೆ ಗೊಮ್ಮಟನ ವಿಗ್ರಹ ಕಾಣುತ್ತದೆ. ಅವರ ಸುತ್ತ ಮೂವರು ಭಾರತೀಯರು. ಅವರಲ್ಲಿ ಇಬ್ಬರು ಧರ್ಮಯ್ಯ, ಲಕ್ಷ್ಮಯ್ಯ ಎಂದೂ, ದೂರದರ್ಶಕವನ್ನು ಹಿಡಿದವನು ಕಿಷ್ಟಣಾಜಿ ಎಂಬ ಜವಾನನೆಂದೂ ಗುರುತಿಸಿದ್ದಾರೆ. ಬೊರಯ್ಯನವರು ಆ ಚಿತ್ರದಲ್ಲಿಲ್ಲ. ಅದನ್ನು ಬರೆಯುವ ವೇಳೆಗೆ ಅವರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದುವು.